ಮಾಲೆಯಿಂದ ಗನ್‌ಗೆ 542 ಕಿಲೊಮೀಟರ್: ಮಗಳ ಊರಿಗೆ ಹೋದ ವಿಮಾನದ ಬಗ್ಗೆ

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಗಂಜಾಂ ಕಡೆ ನಮ್ಮ ಮನೆ. ಯಾವ ದಿಕ್ಕಿಗೆ ಹೊರಟರೂ ಕಾವೇರಿ ಸೇತುವೆ ದಾಟಲೇಬೇಕು. ಹಾಗಾಗಿ ದ್ವೀಪ ಅಂದರೆ ಏನು ಅನ್ನುವುದನ್ನು ನಮ್ಮೂರ ಮಕ್ಕಳಿಗೆ ಪುಸ್ತಕದಲ್ಲಿ ಹೇಳಿಕೊಡಬೇಕಾಗಿಲ್ಲ. ಮಂಡ್ಯದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಿಯಾದೆ. ನನ್ನ ಮಗಳು ನರ್ಸ್. ಎರಡು ವರ್ಷದಿಂದ ಮಾಲ್ಡೀವ್ಸ್‌ನ ತೀರಾ ದಕ್ಷಿಣದಲ್ಲಿರುವ ಅಡ್ಡೂ ಅನ್ನುವ ಕಡೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಮಾಲ್ಡೀವ್ಸ್ ಅಂದರೆ ಎಲ್ಲರೂ ನೀರಿನ ಮೇಲಿನ ಕುಟೀರ, ಹನಿಮೂನ್ ಅಂದುಕೊಳ್ಳುತ್ತಾರೆ. ನಮಗೆ ಅದು ಮಗಳು ಅನ್ನ ಮಾಡಿಕೊಂಡು ತಿನ್ನುವ ಊರು.

ಹೋದ ವರ್ಷ ಅವಳಿಗೆ ಡೆಂಗಿ ಬಂತು. ಫೋನಿನಲ್ಲಿ "ಏನಿಲ್ಲಮ್ಮ, ಸುಮ್ನೆ ಜ್ವರ" ಅಂದಳು. ದನಿ ಕೇಳಿದರೇ ಗೊತ್ತಾಗುತ್ತದಲ್ವಾ? ಆ ರಾತ್ರಿ ನಾನು ಅಟ್ಲಾಸ್ ತೆಗೆದುಕೊಂಡು ಕೂತೆ. ಈಗಲೇ ಹೊರಟರೆ ಅವಳ ಹಾಸಿಗೆ ಪಕ್ಕ ಎಷ್ಟು ಹೊತ್ತಿಗೆ ಕೂರಬಹುದು ಅನ್ನುವುದು ನನಗೆ ಬೇಕಿತ್ತು. ಅವಳು ನಾಲ್ಕೈದು ದಿನದಲ್ಲಿ ಸುಧಾರಿಸಿಕೊಂಡಳು. ಆದರೆ ಆ ಪ್ರಶ್ನೆ ನನ್ನಲ್ಲೇ ಉಳಿಯಿತು. ಈ ವರ್ಷ ನಾನೂ ನಮ್ಮ ಯಜಮಾನರೂ ಹೋಗಿ ಬಂದೆವು. ದಾರಿಯುದ್ದಕ್ಕೂ ಒಂದು ನೋಟ್ ಪುಸ್ತಕದಲ್ಲಿ ಹೊತ್ತು ಬರೆದುಕೊಂಡೆ. ಮಾಲ್ಡೀವ್ಸ್ ರಾಜಧಾನಿ ಮಾಲೆಯಿಂದ ಅಡ್ಡೂವಿನ ಗನ್‌ಗೆ ಹೋಗುವ ಒಳನಾಡು ವಿಮಾನದ ಬಗ್ಗೆ, ಅದರ ದೂರ ಮತ್ತು ಸಮಯದ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿದೆ. ನಮ್ಮ ಕಡೆಯಿಂದ ಅಲ್ಲಿಗೆ ಟೀಚರ್, ನರ್ಸ್ ಆಗಿ ಹೋದವರು ಇದ್ದಾರೆ. ಅವರ ಅಪ್ಪ ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದೂರದ ವಿಷಯ.

ಮಾಲೆ ವಿಮಾನ ನಿಲ್ದಾಣ ಇರುವುದು ಮಾಲೆಯಲ್ಲಲ್ಲ, ಪಕ್ಕದ ಹುಳುಲೆ ಅನ್ನುವ ದ್ವೀಪದಲ್ಲಿ. ಅದರ ಹೆಸರು ವೆಲಾನಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಗನ್ ವಿಮಾನ ನಿಲ್ದಾಣವೂ ಗನ್ ಅನ್ನುವ ಪುಟ್ಟ ದ್ವೀಪದ ಮೇಲಿದೆ. ರನ್‌ವೇಯ ಎರಡು ತುದಿಯಲ್ಲೂ ನೀರು. ಮೊದಲನೆಯದು ಸಮಭಾಜಕ ವೃತ್ತದಿಂದ ಉತ್ತರಕ್ಕೆ 4 ಡಿಗ್ರಿ ಹನ್ನೊಂದೂವರೆ ನಿಮಿಷದಲ್ಲಿದೆ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ 60ನೇ ಒಂದು ಭಾಗ). ಎರಡನೆಯದು ದಕ್ಷಿಣಕ್ಕೆ 41 ನಿಮಿಷ ಚಿಲ್ಲರೆ. ಅಂದರೆ ಈ ವಿಮಾನ ಭೂಮಿಯ ನಡು ಗೆರೆಯನ್ನೇ ದಾಟಿ ಹೋಗುತ್ತದೆ. ಇದು ನಕ್ಷೆಯಲ್ಲಿ ಕಂಡ ತಕ್ಷಣ ನನಗೆ ಆದ ಖುಷಿ ಹೇಳತೀರದು. ಎಷ್ಟು ವರ್ಷ ಬೋರ್ಡಿನ ಮೇಲೆ ಗೋಲ ಬರೆದು ಮಧ್ಯೆ ಒಂದು ಗೆರೆ ಎಳೆದಿದ್ದೇನೆ!

ಫೋನಿನಲ್ಲಿ ಒಂದು ಕಡೆ ನೋಡಿದರೆ 542 ಕಿಲೊಮೀಟರ್ ಅಂತ ಬಂತು. ಇನ್ನೊಂದು ಕಡೆ 545. ಮೂರು ಕಿಲೊಮೀಟರ್ ವ್ಯತ್ಯಾಸ ಯಾಕೆ? ಪೆನ್ಸಿಲ್ ಹಿಡಿದು ನಾನೇ ಲೆಕ್ಕ ಹಾಕಿದೆ. ಒಂಬತ್ತನೇ ತರಗತಿ ಮಕ್ಕಳೂ ಮಾಡಬಹುದು. ಎರಡೂ ಅಕ್ಷಾಂಶ ಕೂಡಿದರೆ 4 ಡಿಗ್ರಿ 53 ನಿಮಿಷ, ಅಂದರೆ 293 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ. ಹಡಗಿನವರು, ವಿಮಾನದವರು ಇವತ್ತಿಗೂ ಬಳಸುವ ಮೈಲಿ ಅದು, 1852 ಮೀಟರ್. ಹಾಗಾಗಿ ಉತ್ತರ ದಕ್ಷಿಣ 293 ಮೈಲಿ. ಪೂರ್ವ ಪಶ್ಚಿಮ ವ್ಯತ್ಯಾಸ ತುಂಬಾ ಕಮ್ಮಿ, 22 ಮೈಲಿ ಚಿಲ್ಲರೆ. ಇವೆರಡಕ್ಕೆ ಪೈಥಾಗೊರಸ್ ಪ್ರಮೇಯ ಹಾಕಿದರೆ ಕರ್ಣ 294 ಮೈಲಿಯ ಹತ್ತಿರ. ಕಿಲೊಮೀಟರಿಗೆ ತಂದರೆ 544.

ಭೂಮಿ ಪೂರ್ತಿ ಚೆಂಡಿನಂತೆ ಇದ್ದಿದ್ದರೆ ಅಷ್ಟಕ್ಕೇ ಮುಗಿಯಿತು. ಆದರೆ ಅದು ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ. ಅದರಿಂದಾಗಿ ಸಮಭಾಜಕ ವೃತ್ತದ ಹತ್ತಿರ ಅಕ್ಷಾಂಶದ ಒಂದು ನಿಮಿಷ 1843 ಮೀಟರ್ ಅಷ್ಟೇ ಇರುತ್ತದೆ. ನಿಮಿಷಕ್ಕೆ 9 ಮೀಟರ್ ಕಮ್ಮಿ. 293 ಸಲ ಕಮ್ಮಿಯಾದರೆ ಎರಡೂವರೆ ಕಿಲೊಮೀಟರ್ ಹೋಯಿತು. ಅಲ್ಲಿಗೆ 542 ಸರಿ ಅಂತ ಆಯಿತು. 545 ಅಂದವರು ಭೂಮಿಯನ್ನು ಚೆಂಡು ಅಂದುಕೊಂಡು ಲೆಕ್ಕ ಹಾಕಿದ್ದಾರೆ. ಪ್ರಯಾಣಕ್ಕೆ ಇದರಿಂದ ಏನೂ ತೊಂದರೆ ಇಲ್ಲ, ಅರ್ಧ ನಿಮಿಷದ ಹಾರಾಟ. ಆದರೂ ವ್ಯತ್ಯಾಸ ಎಲ್ಲಿಂದ ಬಂತು ಅಂತ ಗೊತ್ತಾದ ಮೇಲೆಯೇ ನಾನು ಮಲಗಿದ್ದು.

542 ಅಂದರೆ ಎಷ್ಟು ಅಂತ ನಮ್ಮ ಯಜಮಾನರು ಕೇಳಿದರು. ಶ್ರೀರಂಗಪಟ್ಟಣದಿಂದ ಕಲಬುರಗಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಅದೂ ನೆಟ್ಟಗೆ ಉತ್ತರಕ್ಕೆ. ನಡುವೆ ಎಲ್ಲೂ ನೆಲವಿಲ್ಲ, ಬರೀ ಸಮುದ್ರ, ಅಲ್ಲೊಂದು ಇಲ್ಲೊಂದು ಹವಳದ ಉಂಗುರ ಅಂತ ಅಂದುಕೊಳ್ಳಿ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಷ್ಟು ದೂರ ಮಗು ಒಬ್ಬಳೇ ಇದಾಳಾ?" ಅಂದರು.

ಇನ್ನು ಸಮಯ. ನಮಗೆ ಪೆಟ್ಟು ಬಿದ್ದದ್ದು ಇಲ್ಲೇ.

ಟಿಕೆಟ್ ಮಾಡಿಸಿದ್ದು ಮೈಸೂರಿನ ಒಂದು ಟ್ರಾವೆಲ್ಸ್ ಅಂಗಡಿಯಲ್ಲಿ. ಹೆಸರು ಬೇಡ. ಕೂತಿದ್ದ ಹುಡುಗ ಒಳ್ಳೆಯವನೇ. ಕಂಪ್ಯೂಟರ್ ನೋಡಿ "ಮೇಡಂ, ಮಾಲೆಯಿಂದ ಗನ್‌ಗೆ ಬರೀ ನಲ್ವತ್ತೊಂದು ನಿಮಿಷ. ನೀವು ಇಲ್ಲಿಂದ ಬಸ್ಸಲ್ಲಿ ಮಂಡ್ಯಕ್ಕೆ ಹೋದಷ್ಟೂ ಆಗಲ್ಲ" ಅಂದ. ನನಗೆ ಅಲ್ಲೇ ಅನುಮಾನ ಬಂತು. 542ನ್ನು 800ರಿಂದ ಭಾಗಿಸಿ 60ರಿಂದ ಗುಣಿಸಿದರೆ ಹೆಚ್ಚುಕಮ್ಮಿ 41 ಬರುತ್ತದೆ. ಅಂದರೆ ವಿಮಾನ ನಿಂತಲ್ಲಿಂದಲೇ ಗಂಟೆಗೆ 800 ಕಿಲೊಮೀಟರ್ ವೇಗದಲ್ಲಿ ಹೊರಟು, ಅದೇ ವೇಗದಲ್ಲಿ ಹೋಗಿ ನಿಂತುಬಿಡುತ್ತದೆ ಅನ್ನುವ ಲೆಕ್ಕ. ಯಾವ ವಿಮಾನವೂ ಹಾಗೆ ಹಾರುವುದಿಲ್ಲ. ಅದನ್ನು ಅವನಿಗೆ ಹೇಳಿದೆ ಕೂಡ. ಆದರೆ ಅದೇ ಭಾಗಾಕಾರವನ್ನು ಅವನು ಬೆಂಗಳೂರು ಮಾಲೆ ಹಾರಾಟಕ್ಕೂ ಮಾಡಿದ್ದಾನೆ ಅಂತ ನಾನು ಗಮನಿಸಲಿಲ್ಲ.

ಬೆಂಗಳೂರಿನಿಂದ ಮಾಲೆಗೆ ಸುಮಾರು 1100 ಕಿಲೊಮೀಟರ್. ಅದಕ್ಕೆ ಅವನು ಒಂದು ಗಂಟೆ 25 ನಿಮಿಷ ಬರೆದಿದ್ದ. ಬೆಳಿಗ್ಗೆ 10:10ಕ್ಕೆ ಹೊರಟು 11:35ಕ್ಕೆ ತಲುಪುವುದು, ಮಾಲ್ಡೀವ್ಸ್ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ಹಾಗಾಗಿ ಅಲ್ಲಿಯ 11:05. ಗನ್ ವಿಮಾನ 1:05ಕ್ಕೆ. "ಎರಡು ಗಂಟೆ ಕೈಯಲ್ಲಿದೆ ಮೇಡಂ" ಅಂದ. ಎರಡೂ ಬೇರೆ ಬೇರೆ ಟಿಕೆಟ್. ಮೊದಲ ವಿಮಾನ ತಡವಾದರೆ ಎರಡನೆಯದರವರು ಕಾಯುವ ಹಾಗಿಲ್ಲ. ಅದನ್ನು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ.

ಟಿಕೆಟ್ಟಿನಲ್ಲಿ ಅಚ್ಚಾಗಿದ್ದ ಸಮಯವೇ 11:35, ಅದೂ ಅಲ್ಲಿಯ ಗಡಿಯಾರಕ್ಕೆ. ಆ ದಿನ ಮಾಲೆಯಲ್ಲಿ ಮಳೆ. ವಿಮಾನ ಮೇಲೆಯೇ ಸುತ್ತು ಹಾಕಿ 12 ಗಂಟೆಗೆ ಇಳಿಯಿತು. ಪಾಸ್‌ಪೋರ್ಟ್ ಸಾಲಿನಲ್ಲಿ 40 ನಿಮಿಷ. ಬ್ಯಾಗ್ ಸಿಗುವ ಹೊತ್ತಿಗೆ 12:50. ಒಳನಾಡು ವಿಮಾನಗಳಿಗೆ ಬೇರೆಯದೇ ಕಟ್ಟಡ. ಬ್ಯಾಗ್ ತಳ್ಳಿಕೊಂಡು ನಾವಿಬ್ಬರೂ ಓಡಿದೆವು. ನಮ್ಮ ಯಜಮಾನರಿಗೆ 66 ವರ್ಷ, ಮಂಡಿ ನೋವು. ಕೌಂಟರಿಗೆ ಬಂದಾಗ 12:58. ಚೆಕ್-ಇನ್ ಮುಗಿದು ಎಷ್ಟೋ ಹೊತ್ತಾಗಿತ್ತು. ಗಾಜಿನಾಚೆ ವಿಮಾನ ಕಾಣುತ್ತಿತ್ತು. ಅದರ ಪ್ರೊಪೆಲ್ಲರ್ ತಿರುಗುತ್ತಿತ್ತು.

ಸಂಜೆಯ ವಿಮಾನ ತುಂಬಿತ್ತು. ಮಾರನೇ ದಿನ ಬೆಳಿಗ್ಗೆಗೆ ಟಿಕೆಟ್ ಬದಲಾಯಿಸಿಕೊಂಡೆವು, ಅದಕ್ಕೆ ಮೇಲೆ ದುಡ್ಡು. ಮಗಳು ಅರ್ಧ ದಿನ ರಜ ಹಾಕಿ, ಅನ್ನ ಸಾರು ಮಾಡಿಟ್ಟು ಗನ್ ನಿಲ್ದಾಣಕ್ಕೆ ಹೊರಟು ನಿಂತಿದ್ದಳು. ಅವಳಿಗೆ ಫೋನ್ ಮಾಡಿ ಹೇಳುವಾಗ ನನಗೆ ಅಳು ಬಂತು. "ಅಮ್ಮ, ಬಿಡು, ನಾಳೆ ಬಾ. ಸಾರು ಫ್ರಿಜ್ಜಲ್ಲಿ ಇಡ್ತೀನಿ" ಅಂದಳು. ರಾತ್ರಿ ಹುಳುಮಾಲೆಯ ಒಂದು ಸಣ್ಣ ಹೋಟೆಲಿನಲ್ಲಿ ಉಳಿದೆವು. ಅದು ಸಮುದ್ರ ತುಂಬಿಸಿ ಮಾಡಿದ ದ್ವೀಪ. ನಿಲ್ದಾಣಕ್ಕೆ ರಸ್ತೆ ಇದೆ, ಬಸ್ಸೂ ಇದೆ. ಕೌಂಟರಿನ ಹುಡುಗಿ ಮಾತ್ರ ತಾಳ್ಮೆಯಿಂದ ಎಲ್ಲ ಮಾಡಿಕೊಟ್ಟಳು. ನಮ್ಮ ಯಜಮಾನರಿಗೆ ಕುರ್ಚಿ ತಂದು ಹಾಕಿದಳು. ಅದನ್ನು ನಾನು ಮರೆಯುವುದಿಲ್ಲ.

ಈಗ ವಿಮಾನದ ಬಗ್ಗೆ. ಇದರ ಬಗ್ಗೆ ಬರೆಯಲು ನನಗೆ ತುಂಬಾ ಇಷ್ಟ.

ಅದು ಡ್ಯಾಶ್ 8. 50 ಸೀಟು, ಒಂದು ಕಡೆ ಎರಡು, ಇನ್ನೊಂದು ಕಡೆ ಎರಡು. ನಮ್ಮ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಬರುವ ಎಟಿಆರ್ ನೋಡಿದ್ದರೆ ಅದೇ ಥರ ಅಂದುಕೊಳ್ಳಿ. ರೆಕ್ಕೆ ಮೇಲುಗಡೆ, ಎರಡು ಪ್ರೊಪೆಲ್ಲರ್. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ಸಮುದ್ರ ಪೂರ್ತಿ ಕಾಣುತ್ತದೆ. ಇಂಥ ವಿಮಾನ ಗಂಟೆಗೆ 500 ಕಿಲೊಮೀಟರಿನ ಆಸುಪಾಸಿನಲ್ಲಿ ಹಾರುತ್ತದೆ. ದೊಡ್ಡ ಜೆಟ್‌ಗಳ ಹಾಗೆ 800 ಅಲ್ಲ. ಸಣ್ಣ ದ್ವೀಪಗಳಲ್ಲಿ ರನ್‌ವೇ ಚಿಕ್ಕದು, ಅದಕ್ಕೆ ಇವೇ ಸರಿ. ನಮ್ಮ ಮಂಡಕಳ್ಳಿಯಲ್ಲೂ ರನ್‌ವೇ 1740 ಮೀಟರ್ ಅಷ್ಟೇ ಇದ್ದದ್ದರಿಂದ ಪ್ರೊಪೆಲ್ಲರ್ ವಿಮಾನಗಳೇ ಬರುತ್ತಿದ್ದವು. ಸಮಯ ನೋಡುವ ಮೊದಲು ಯಾವ ವಿಮಾನ ಅಂತ ಕೇಳಬೇಕು. ಅದು ಗೊತ್ತಿಲ್ಲದೆ ಹೇಳಿದ ಹಾರಾಟದ ಸಮಯಕ್ಕೆ ಬೆಲೆಯಿಲ್ಲ.

ನನ್ನ ಪುಸ್ತಕದಲ್ಲಿ ಬರೆದದ್ದು ಹೀಗಿದೆ. ಹೋಟೆಲ್ ಬಿಟ್ಟದ್ದು 4:50. ವಿಮಾನ ನಿಂತ ಜಾಗದಿಂದ ಕದಲಿದ್ದು 7:14. ಚಕ್ರ ನೆಲ ಬಿಟ್ಟದ್ದು 7:22. ಗನ್‌ನಲ್ಲಿ ಚಕ್ರ ನೆಲ ಮುಟ್ಟಿದ್ದು 8:36. ವಿಮಾನ ನಿಂತದ್ದು 8:41. ಬ್ಯಾಗ್ ಹಿಡಿದು ನಿಲ್ದಾಣದಿಂದ ಹೊರಗೆ ಬಂದದ್ದು 9:05.

ಗಾಳಿಯಲ್ಲಿ ಇದ್ದದ್ದು 74 ನಿಮಿಷ. ನಿಂತ ಜಾಗದಿಂದ ನಿಲ್ಲುವ ಜಾಗಕ್ಕೆ 87 ನಿಮಿಷ. ವಿಮಾನದವರು ಟಿಕೆಟ್ಟಿನಲ್ಲಿ ಹಾಕುವುದು ಈ ಎರಡನೆಯ ಲೆಕ್ಕ. ಚಕ್ರಕ್ಕೆ ಕೊಟ್ಟ ಅಡೆ ತೆಗೆದಾಗಿನಿಂದ ಮತ್ತೆ ಅಡೆ ಕೊಡುವವರೆಗೆ ಅಂತ ಹಿಂದಿನಿಂದ ಬಂದ ಪದ್ಧತಿ. ನಮ್ಮ ಟಿಕೆಟ್ಟಿನಲ್ಲಿ 7:15ರಿಂದ 8:45 ಅಂತ ಇತ್ತು. ಒಂದೂವರೆ ಗಂಟೆ ಅಂದರು, ಅದಕ್ಕಿಂತ ಮೂರು ನಿಮಿಷ ಕಮ್ಮಿಯಲ್ಲೇ ಮುಟ್ಟಿಸಿದರು. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹೋಟೆಲ್ ಬಾಗಿಲಿನಿಂದ ಗನ್ ಬಾಗಿಲಿಗೆ ನಾಲ್ಕೂಕಾಲು ಗಂಟೆ. ಆ ಲೆಕ್ಕದಲ್ಲಿ ನಾವು ಹೋದ ವೇಗ ಗಂಟೆಗೆ 127 ಕಿಲೊಮೀಟರ್ ಆಯಿತು.

ಕಿಟಕಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಏರುವಾಗ ಇಂಜಿನ್ ಕೆಳಗೆ ಜೋತಾಡುವ ಚಕ್ರ ಮಡಚಿ ಒಳಗೆ ಹೋಗುವುದು ಕಿಟಕಿಯಿಂದಲೇ ಕಾಣುತ್ತದೆ. ಆಮೇಲೆ ದ್ವೀಪಗಳು. ಮೊದಮೊದಲು ಎರಡು ಸಾಲು, ದಕ್ಷಿಣಕ್ಕೆ ಹೋಗುತ್ತಾ ಒಂದೇ ಸಾಲು. ಒಂದೊಂದೂ ಹವಳದ ಉಂಗುರ, ಒಳಗೆ ತಿಳಿ ಹಸಿರು ನೀರು, ಅಂಚಿನಲ್ಲಿ ಬಿಳಿ ನೊರೆ, ಆಚೆ ಕಡು ನೀಲಿ. ಇಂಥ ಉಂಗುರಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ಅಟಾಲ್' ಅನ್ನುವ ಪದ ಹೋದದ್ದೇ ಇವರ ದಿವೇಹಿ ಭಾಷೆಯಿಂದ. 'ಅತೊಳು' ಅಂತ ಇವರ ಮಾತು.

7:58ರ ಹೊತ್ತಿಗೆ ದ್ವೀಪಗಳು ಮುಗಿದವು. ಬರೀ ನೀಲಿ. ಒಂದು ದೋಣಿಯೂ ಕಾಣಲಿಲ್ಲ. ಹನ್ನೆರಡು ನಿಮಿಷ ಹಾಗೇ. ಅದು ಒಂದೂವರೆ ಡಿಗ್ರಿ ಕಾಲುವೆ. ಅಕ್ಷಾಂಶ ಒಂದೂವರೆ ಡಿಗ್ರಿಯಲ್ಲಿ ಇರುವುದಕ್ಕೆ ನಾವಿಕರು ಆ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಸುಮಾರು 90 ಕಿಲೊಮೀಟರ್ ಅಗಲ. ನಮ್ಮೂರಿನ ಸುತ್ತಲಿನ ನೀರನ್ನು ನಾನು ವೆಲ್ಲೆಸ್ಲಿ ಸೇತುವೆ ಮೇಲೆ ನಡೆದೇ ದಾಟಿದ್ದೇನೆ. ಆ ಹನ್ನೆರಡು ನಿಮಿಷದಲ್ಲಿ ನನಗೆ ಈ ದೇಶದವರ ಬದುಕು ಅರ್ಥವಾಯಿತು. ಅಕ್ಕಿ, ಈರುಳ್ಳಿ, ಔಷಧಿ, ಎಲ್ಲ ಈ ನೀರು ದಾಟಿಯೇ ನನ್ನ ಮಗಳ ಊರಿಗೆ ಬರಬೇಕು.

ಆಮೇಲೆ ಹುವಧು ಅನ್ನುವ ದೊಡ್ಡ ಉಂಗುರ. ಅದು ಮುಗಿಯುವ ಮೊದಲೇ ನಾನು ಫೋನ್ ತೆಗೆದೆ. ಫ್ಲೈಟ್ ಮೋಡ್‌ನಲ್ಲಿ ಇದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಉಪಗ್ರಹದ ಸಂಕೇತವನ್ನು ಅದು ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಕಳಿಸುವುದಿಲ್ಲ. ಕಿಟಕಿ ಹತ್ತಿರ ಹಿಡಿದರೆ ಸಾಕು. ಅಕ್ಷಾಂಶ ತೋರಿಸುವ ಪುಟ ಮೊದಲೇ ತೆಗೆದಿಟ್ಟುಕೊಂಡಿದ್ದೆ. ಗನ್‌ಗೆ 77 ಕಿಲೊಮೀಟರ್ ಉಳಿದಾಗ ಭೂಮಿಯ ನಡು ಗೆರೆ ಬರುತ್ತದೆ, ವಿಮಾನ ಇಳಿಯಲು ಶುರು ಮಾಡಿ ವೇಗ ತಗ್ಗಿಸಿರುತ್ತದೆ, ಹಾಗಾಗಿ ಇಳಿಯುವ 12 ನಿಮಿಷ ಮೊದಲು ಅಂತ ಲೆಕ್ಕ ಹಾಕಿದ್ದೆ.

0.05 ಉತ್ತರ. 0.03 ಉತ್ತರ. 0.01. ನನ್ನ ಕೈ ನಡುಗುತ್ತಿತ್ತು. ಸೊನ್ನೆ. ಮುಂದಿನ ಕ್ಷಣ 0.01, ಪಕ್ಕದಲ್ಲಿ ದಕ್ಷಿಣ. ಗಡಿಯಾರದಲ್ಲಿ 8:24.

ಕೆಳಗೆ ನೋಡಿದೆ. ಅದೇ ನೀಲಿ ನೀರು. "ರೀ, ದಾಟಿದ್ವಿ" ಅಂದೆ. ನಮ್ಮ ಯಜಮಾನರು ಈಚೆ ಸೀಟಿನಲ್ಲಿದ್ದರು, ಅವರಿಗೆ ಫೋನೂ ಸರಿಯಾಗಿ ಕಾಣಲಿಲ್ಲ, ಸಮುದ್ರವೂ ಕಾಣಲಿಲ್ಲ. ನನ್ನ ಕೈ ಹಿಡಿದುಕೊಂಡರು. ಪಕ್ಕದ ಸಾಲಿನ ಒಬ್ಬ ಅಡ್ಡೂ ಹೆಂಗಸು ನಮ್ಮನ್ನು ನೋಡಿ ನಕ್ಕರು. ಅವರಿಗೆ ಇದು ತಿಂಗಳಿಗೊಮ್ಮೆ ಸಂತೆಗೆ ಹೋಗಿ ಬಂದ ಹಾಗೆ ಇರಬೇಕು.

ಎಡಗಡೆ ಕೂತರೆ ಇನ್ನೊಂದು ಲಾಭ. ಗೆರೆ ದಾಟಿದ ಸ್ವಲ್ಪ ಹೊತ್ತಿಗೆ ದೂರದಲ್ಲಿ ಫುವಮ್ಮುಲ ಅನ್ನುವ ಒಂಟಿ ದ್ವೀಪ ಕಾಣುತ್ತದೆ. ಬೇರೆಯವುಗಳ ಹಾಗೆ ಉಂಗುರದಲ್ಲಿ ಒಂದಲ್ಲ, ಸಮುದ್ರದ ನಡುವೆ ಅದೊಂದೇ. ಒಳಗೆ ಸಿಹಿನೀರಿನ ಕೆರೆಗಳಿವೆ. ಆದರೆ ಬೆಳಗಿನ ವಿಮಾನದಲ್ಲಿ ಎಡಗಡೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಬಿಸಿಲು ಆಗದವರು ಬಲಗಡೆ ತೆಗೆದುಕೊಳ್ಳಿ. ರೆಕ್ಕೆಗಿಂತ ಹಿಂದಿನ ಸಾಲು ಒಳ್ಳೆಯದು.

ಕೊರತೆಗಳೂ ಇವೆ. ಸದ್ದು ಜಾಸ್ತಿ. ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಕೈಚೀಲ ಇಡುವ ಜಾಗ ಚಿಕ್ಕದು. ನಮ್ಮ ಟಿಕೆಟ್ಟಿಗೆ 20 ಕಿಲೊ ಸಾಮಾನು ಅಷ್ಟೇ, ತೂಕ ಕಟ್ಟುನಿಟ್ಟು. ಬೆಂಗಳೂರಿನಿಂದ ಬರುವ ವಿಮಾನದಲ್ಲಿ ಇನ್ನೂ ಜಾಸ್ತಿ ಬಿಟ್ಟರು ಅಂತ ತುಂಬಿಕೊಂಡು ಹೋದರೆ ಇಲ್ಲಿ ದುಡ್ಡು ಕಟ್ಟಬೇಕಾಗುತ್ತದೆ. ನಾನು ಮನೆಯಲ್ಲೇ ತಕ್ಕಡಿಯಲ್ಲಿ ಹಾಕಿ ನೋಡಿದ್ದೆ. ರಾಗಿ ಹಿಟ್ಟು 5 ಕಿಲೊ, ಮಂಡ್ಯದ ಬೆಲ್ಲ 2 ಕಿಲೊ, ಸಾರಿನ ಪುಡಿ, ಚಟ್ನಿಪುಡಿ, ಒಣಗಿಸಿದ ಅಂಜೂರ. ವಿದೇಶಿಯರಿಗೆ ಟಿಕೆಟ್ ದರ ಅಲ್ಲಿಯವರಿಗಿಂತ ಜಾಸ್ತಿ, ಇದನ್ನು ಮೊದಲೇ ತಿಳಿದಿರಿ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಹೇಳಲೇಬೇಕು. ಪೂಜೆಯ ವಿಗ್ರಹಗಳನ್ನು ಮಾಲ್ಡೀವ್ಸ್‌ಗೆ ಒಯ್ಯುವ ಹಾಗಿಲ್ಲ, ಅಲ್ಲಿಯ ಕಾನೂನು. ಮಗಳಿಗೆ ಅಂತ ರಂಗನಾಥಸ್ವಾಮಿಯ ಪುಟ್ಟ ಹಿತ್ತಾಳೆ ಮೂರ್ತಿ ತೆಗೆದಿಟ್ಟಿದ್ದೆ. ಅವಳೇ ಹೇಳಿ ಬಿಡಿಸಿದಳು. ಅವರ ದೇಶ, ಅವರ ಕಾನೂನು. ಮೂರ್ತಿ ನಮ್ಮ ಮನೆಯಲ್ಲೇ ಅವಳ ಹೆಸರಿನಲ್ಲಿ ಇದೆ. ಭಾರತದವರಿಗೆ ವೀಸಾ ಅಲ್ಲಿ ಇಳಿದ ಮೇಲೆ ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಹೊರಡುವ 96 ಗಂಟೆಯೊಳಗೆ ಫೋನಿನಲ್ಲೇ ಒಂದು ಫಾರಂ ತುಂಬಬೇಕು.

ಗನ್ ನಿಲ್ದಾಣ ಚಿಕ್ಕದು, ಚೊಕ್ಕವಾಗಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಇಲ್ಲಿ ವಿಮಾನ ಇಳಿಸುವ ಜಾಗ ಮಾಡಿದ್ದರು. ಆಮೇಲೆ 1957ರಿಂದ 1976ರವರೆಗೆ ಅವರ ವಾಯುಪಡೆ ಇಲ್ಲಿ ಇತ್ತು. ಇಲ್ಲಿಂದ ದಾರಿ ದ್ವೀಪದಿಂದ ದ್ವೀಪಕ್ಕೆ ಕೂಡಿಕೊಂಡು ಹಿತಧೂ ಅನ್ನುವ ದ್ವೀಪದವರೆಗೆ ಹೋಗುತ್ತದೆ. ದೋಣಿ ಹತ್ತದೆ ನಾಲ್ಕು ದ್ವೀಪ ದಾಟಬಹುದು. ಬಾಗಿಲ ಹೊರಗೆ ಮಗಳು ನಿಂತಿದ್ದಳು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಯೂನಿಫಾರ್ಮ್ ಕೂಡ ಬದಲಾಯಿಸಿರಲಿಲ್ಲ. ಸ್ವಲ್ಪ ಸಣ್ಣ ಆಗಿದ್ದಾಳೆ. 9:50ಕ್ಕೆ ಅವಳ ಮನೆ ಸೇರಿದೆವು. ಹಿಂದಿನ ದಿನದ ಸಾರು ಬಿಸಿ ಮಾಡಿ ಬಡಿಸಿದಳು.

ಶ್ರೀರಂಗಪಟ್ಟಣದ ಮನೆ ಬಿಟ್ಟದ್ದು ಹಿಂದಿನ ದಿನ ಬೆಳಗಿನ ಜಾವ 4 ಗಂಟೆಗೆ. ಎರಡೂ ಕಡೆಯ ಗಡಿಯಾರ ಸರಿ ಮಾಡಿಕೊಂಡು ಲೆಕ್ಕ ಹಾಕಿದರೆ 30 ಗಂಟೆ 20 ನಿಮಿಷ. ಆ ಅಂಗಡಿಯ ಚೀಟಿ ನಂಬಿ ಹೊರಟಾಗ ಇಷ್ಟಾಗುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ವಾಪಸ್ ಬರುವಾಗ ಮಾಲೆಯಲ್ಲಿ ನಾಲ್ಕು ಗಂಟೆ ಬಿಡುವು ಇಟ್ಟುಕೊಂಡೆವು. ಆ ಟಿಕೆಟ್ ಮಗಳೇ ಬದಲಾಯಿಸಿದಳು. ಗನ್‌ನಿಂದ ಮಾಲೆಗೆ ಗಾಳಿಯಲ್ಲಿ ಇದ್ದದ್ದು 72 ನಿಮಿಷ. ಹೋಗುವಾಗ 74. ಪೂರ್ವ ಪಶ್ಚಿಮ ಹಾರುವ ವಿಮಾನಗಳಿಗೆ ಗಾಳಿಯಿಂದಾಗಿ ಹೋಗುವ ಬರುವ ಸಮಯದಲ್ಲಿ ತುಂಬಾ ವ್ಯತ್ಯಾಸ ಬರುತ್ತದೆ. ಇಲ್ಲಿ ದಾರಿ ಉತ್ತರ ದಕ್ಷಿಣ, ಗಾಳಿ ಹೆಚ್ಚಾಗಿ ಪಕ್ಕದಿಂದ. ಹಾಗಾಗಿ ಎರಡೂ ಹತ್ತಿರ ಹತ್ತಿರ. ಮಗಳ ಮನೆ ಬಿಟ್ಟು ನಮ್ಮ ಮನೆ ಬಾಗಿಲು ತೆಗೆಯುವ ಹೊತ್ತಿಗೆ 14 ಗಂಟೆ 10 ನಿಮಿಷ. ಅದರಲ್ಲಿ ದೇವನಹಳ್ಳಿಯಿಂದ ಊರಿಗೆ ಟ್ಯಾಕ್ಸಿಯಲ್ಲೇ ಮೂರು ಗಂಟೆ ಮೇಲಾಯಿತು.

ಅವತ್ತು ಅಟ್ಲಾಸ್ ಹಿಡಿದು ಕೂತಾಗ ನನಗೆ ಬೇಕಿದ್ದ ಉತ್ತರ ಈ 14 ಗಂಟೆ. ಟಿಕೆಟ್ ಸಿಕ್ಕರೆ, ಮಳೆ ಬರದಿದ್ದರೆ, ಬೆಳಿಗ್ಗೆ ಹೊರಟರೆ ರಾತ್ರಿಯೊಳಗೆ ಅವಳ ಹತ್ತಿರ ಇರಬಹುದು. ಅದನ್ನು ಒಂದು ಹಾಳೆಯಲ್ಲಿ ದಪ್ಪಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಆ ಟ್ರಾವೆಲ್ಸ್ ಅಂಗಡಿಗೆ ಊರಿಗೆ ಬಂದ ವಾರದಲ್ಲೇ ಹೋದೆ. ಜಗಳಕ್ಕಲ್ಲ. ನನ್ನ ನೋಟ್ ಪುಸ್ತಕ ಹುಡುಗನ ಮುಂದೆ ಇಟ್ಟು, ದೂರವನ್ನು ವೇಗದಿಂದ ಭಾಗಿಸಿದರೆ ಎಷ್ಟು ಬರುತ್ತದೆ, ಟಿಕೆಟ್ಟಿನಲ್ಲಿ ಎಷ್ಟಿದೆ, ನಿಜವಾಗಿ ಎಷ್ಟಾಯಿತು ಅಂತ ಮೂರು ಕಾಲಂ ಹಾಕಿ ತೋರಿಸಿದೆ. ಬೇರೆ ಬೇರೆ ಟಿಕೆಟ್ ಆದರೆ ನಡುವೆ ನಾಲ್ಕು ಗಂಟೆಗಿಂತ ಕಮ್ಮಿ ಯಾರಿಗೂ ಕೊಡಬೇಡಪ್ಪ, ವಯಸ್ಸಾದವರು ಓಡಲಾರರು ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆ ಪುಟದ ಫೋಟೊ ತೆಗೆದುಕೊಂಡ. ದುಡ್ಡು ವಾಪಸ್ ಕೊಡಲಿಲ್ಲ. ನಾನು ಕೇಳಲೂ ಇಲ್ಲ, ಆದರೆ ಒಂದು ರಾತ್ರಿ ಹೋಟೆಲಿನ ಖರ್ಚು, ಟಿಕೆಟ್ ಬದಲಾಯಿಸಿದ ಖರ್ಚು ಎರಡೂ ಅವರ ಕಡೆಯ ತಪ್ಪಿನಿಂದಲೇ ಆದದ್ದು ಅಂತ ಈಗಲೂ ಅನ್ನಿಸುತ್ತದೆ.

ವಿಮಾನಕ್ಕೆ 10ಕ್ಕೆ 8 ಅಂಕ. ಸದ್ದಿಗೆ ಒಂದು, ನಮ್ಮಂಥವರಿಗೆ ಹಾಕುವ ದರಕ್ಕೆ ಒಂದು ಕಳೆದೆ. ಹೇಳಿದ ಹೊತ್ತಿಗೆ ಹೊರಟಿತು, ಹೇಳಿದ್ದಕ್ಕಿಂತ ಮೊದಲೇ ತಲುಪಿಸಿತು. ಏರುವಾಗ ಮೆಟ್ಟಿಲಲ್ಲಿ ನಮ್ಮ ಯಜಮಾನರ ಕೈ ಹಿಡಿದು ಹತ್ತಿಸಿದ ಹುಡುಗನನ್ನು ಮರೆಯಲಾರೆ.

ಜನವರಿಯಲ್ಲಿ ಮತ್ತೆ ಹೋಗುತ್ತಿದ್ದೇವೆ. ಸೀಟು ಈಗಲೇ ಆರಿಸಿದ್ದಾಗಿದೆ. ಎಡಗಡೆ, ಹಿಂದಿನಿಂದ ಮೂರನೇ ಸಾಲು. ಈ ಸಲ ಕಿಟಕಿ ನಮ್ಮ ಯಜಮಾನರಿಗೆ, ಫೋನ್ ಹಿಡಿಯುವುದೂ ಅವರೇ.